ಜ್ವರವಿಲ್ಲದ ನಲವತ್ತೊಂದನೆಯ ದಿನ

ಕ್ಷಮಿಸಿ, ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಸಂಜೆ ತರಗತಿಯಲ್ಲಿ ಓದಿದವನು ನಾನು. ಕೊರೊನಾದ ಬಗ್ಗೆ ಮಾತಾಡಲು ದೊಡ್ಡವರಿದ್ದಾರೆ. ಆದರೆ ನಮ್ಮ ಲಾಂಡ್ರಿಯ ಗೇಟಿನಲ್ಲಿ ಜ್ವರ ನೋಡುವ ಗನ್ನು ಹಿಡಿದವನು ನಾನೊಬ್ಬನೇ.

ಮೊದಲ ವಾರ ಹಣೆಗೇ ಹಿಡಿದೆ. ಊಟದ ಹೊತ್ತಿಗೆ ಇಸ್ತ್ರಿ ಕೋಣೆಯ ಹಬೆಯಲ್ಲಿ ಬೆಂದು ಹೊರಬಂದವರಿಗೆಲ್ಲ ಕೆಂಪು ದೀಪ! ಮ್ಯಾನೇಜರ್ ಕೆಂಡವಾದರು.

"ಏನ್ರೀ, ಇಡೀ ಲಾಂಡ್ರಿಗೇ ಜ್ವರ ಬರಿಸ್ತೀರಾ? ಮೊದಲು ತಣ್ಣೀರಲ್ಲಿ ಮೊಣಕೈವರೆಗೆ ತೊಳೆಸಿ. ಆಮೇಲೆ ಮಣಿಕಟ್ಟಿಗೆ ಹಿಡೀರಿ."

ಅಂದಿನಿಂದ ಜ್ವರ ನಿಂತಿತು. ಜಗತ್ತೆಲ್ಲ ಹುಡುಕುತ್ತಿದ್ದ ಮದ್ದು ನಮಗೆ ನಲ್ಲಿಯಲ್ಲೇ ಸಿಕ್ಕಿತ್ತು. ಗೇಟಿಗೆ ‘ಜ್ವರವಿಲ್ಲದ ದಿನಗಳು’ ಎಂಬ ಹಲಗೆ ಬಂತು. ದಿನವೂ ಅದರ ಅಂಕಿ ಬದಲಿಸುವ ಗೌರವ ನನ್ನದಾಯಿತು.

ನಲವತ್ತೊಂದನೆಯ ದಿನ ಭಾವ ಬಂದರು. ನನ್ನ ಅಕ್ಕನ ಗಂಡ, ಇಸ್ತ್ರಿ ಕೆಲಸ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿದ್ದವು. ಗನ್ನು ಜ್ವರ ತೋರಿಸಿದರೆ ಮಾತ್ರ ರಜೆ.

"ಮೈ ಕಾದ ಹೆಂಚಾಗಿದೆ ಕಣೋ, ಬೇಗ ನೋಡು."

ಕೈ ತೊಳೆಸಿದೆ. ಮಣಿಕಟ್ಟಿಗೆ ಹಿಡಿದೆ. ತೊಂಬತ್ನಾಲ್ಕು.

ಹಿಂದೆ ನಿಂತಿದ್ದ ಮ್ಯಾನೇಜರ್ ಬಗ್ಗಿ ನೋಡಿ ನಕ್ಕರು. "ಇಷ್ಟು ತಣ್ಣಗಿದ್ದೀಯಲ್ಲಪ್ಪಾ, ಬದುಕಿದ್ದೀಯೋ ಇಲ್ವೋ! ನಡಿ ನಡಿ, ಬಟ್ಟೆ ಕಾಯ್ತಿದೆ."

"ಹಣೆಗೊಂದ್ಸಲ ಹಿಡಿಯೋ," ಎಂದರು ಭಾವ, ನನ್ನನ್ನೇ ನೋಡುತ್ತ.

ಮಣಿಕಟ್ಟಿನಿಂದ ಹಣೆಗೆ ಎಷ್ಟು ದೂರ? ಹೆಚ್ಚೆಂದರೆ ಒಂದು ಮೊಳ. ನಾನು ಮ್ಯಾನೇಜರ್ ಮುಖ ನೋಡಿದೆ, ಹಲಗೆ ನೋಡಿದೆ.

"ಹಾಗೆ ನಿಯಮ ಇಲ್ಲ ಭಾವ," ಎಂದೆ.

ಅವರು ಒಳಗೆ ಹೋದರು. ಮೂರು ದಿನ ಇಸ್ತ್ರಿ ಹಾಕಿದರು. ನಾಲ್ಕನೆಯ ದಿನ ಉಸಿರು ಸಾಲದೆ ಮೇಜಿನ ಪಕ್ಕದಲ್ಲೇ ಕುಸಿದರು. ಆ ವಾರ ಅದೇ ಕೋಣೆಯ ಇನ್ನೂ ಆರು ಮಂದಿ ಆಸ್ಪತ್ರೆ ಸೇರಿದರು. ಅವರ ಹಿಂದೆಯೇ ಮ್ಯಾನೇಜರ್ ಕೂಡ. ಗೇಟಿನಲ್ಲಿ ಮಾತ್ರ ಒಬ್ಬರಿಗೂ ಜ್ವರ ಕಂಡಿರಲಿಲ್ಲವಾದ್ದರಿಂದ ಹಲಗೆಯ ಅಂಕಿ ಏರುತ್ತಲೇ ಇತ್ತು. ಮ್ಯಾನೇಜರ್ ಆಸ್ಪತ್ರೆಯಿಂದಲೇ ಫೋನ್ ಮಾಡಿದರು. ಮಾತಿಗೊಮ್ಮೆ ಏದುಸಿರು.

"ಇವತ್ತಿನ... ಅಂಕಿ... ಬದಲಿಸಿದ್ರಾ?"

ಬದಲಿಸಿದ್ದೆ.

ಭಾವ ಬದುಕಿ ಮನೆಗೆ ಬಂದಿದ್ದಾರೆ. ಹತ್ತು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಾರೆ. ಇಸ್ತ್ರಿಪೆಟ್ಟಿಗೆ ಎತ್ತಲಾಗುವುದಿಲ್ಲ. ಮೊನ್ನೆ ಅಕ್ಕ ಕೇಳಿದಳು, "ಆವತ್ತು ಹಣೆಗೆ ಹಿಡಿದಿದ್ರೆ ಎಷ್ಟು ತೋರಿಸ್ತಿತ್ತೋ? ಆವತ್ತೇ ಮನೆಗೆ ಬಂದಿದ್ರೆ ಇವರು ಹೀಗಾಗ್ತಿರಲಿಲ್ಲ ಅಲ್ವಾ?"

ನನಗೆ ಗೊತ್ತಿಲ್ಲ. ನಾನು ಹಿಡಿದು ನೋಡಲಿಲ್ಲ.