ತೆರೆದ ಸುರುಳಿಯ ಮುಂದೆ ದ್ವೋಶೆ

ದ್ವೋಶೆಯ ಕೋಪ ಯಾವತ್ತೂ ಅವಳಿಗಿಂತ ಮೊದಲೇ ಬೀದಿಗಿಳಿಯುತ್ತಿತ್ತು. ತೀರಿಹೋದ ಗಂಡನ ಕಪ್ಪು ಕೋಟನ್ನು ಪಾದದವರೆಗೆ ಇಳಿಬಿಟ್ಟುಕೊಂಡು, ಬಲಭುಜವನ್ನು ಮುಂದೆ ಚಾಚಿ, ಮುಚ್ಚಿದ ಬಾಗಿಲನ್ನು ನೂಕುವವಳಂತೆ ಗಾಳಿಯನ್ನೇ ನೂಕುತ್ತ ಅವಳು ಸೇತುವೆ ದಾಟಿ ಬಂದರೆ, ಚೌಕದ ಹರಟೆಮಲ್ಲರು ತಾವು ಮಾಡಿರಬಹುದಾದ ತಪ್ಪುಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದರು. ಪ್ರತಿ ಮಾತಿಗೂ "ಕಿವಿಗೆ ಬಿತ್ತಾ?" ಎಂದು ಬಾಲ ಸೇರಿಸುವುದು ಅವಳ ಚಾಳಿ; ನಮ್ಮ ಯೆಹೂದಿ ಧರ್ಮಗುರು ರಬ್ಬಿಯವರಿಗೆ ಹಬ್ಬದ ಶುಭಾಶಯ ಹೇಳುವಾಗಲೂ ಅದನ್ನು ಬಿಟ್ಟವಳಲ್ಲ.

ನಮ್ಮೂರು ಝಬ್ರೋವ್ಕದ ದಾನಧರ್ಮವೆಲ್ಲ ಇಂಥವಳ ಕೈಯಲ್ಲಿತ್ತು. ಶುಕ್ರವಾರ ಬೆಳಿಗ್ಗೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಅವಳು ಒಂದು ಮನೆಯನ್ನೂ ಬಿಡದೆ ಹೋಗುತ್ತಿದ್ದಳು. ಪ್ರತಿ ಮನೆಯಾಕೆಯೂ ಬಟ್ಟೆಯಡಿ ಕೈ ಹಾಕಬೇಕು. ಇದ್ದವಳು ಶನಿವಾರದ ಪವಿತ್ರ ವಿರಾಮದಿನವಾದ ಸಬ್ಬತ್ತಿನ ಜಡೆರೊಟ್ಟಿಯೊಂದನ್ನು ಒಳಗಿಡಬೇಕು, ಇಲ್ಲದವಳು ಒಂದನ್ನು ತೆಗೆದು ಶಾಲಿನಡಿ ಸೇರಿಸಬೇಕು. ಆ ಹೊತ್ತಿಗೆ ದ್ವೋಶೆ ಮುಖ ತಿರುಗಿಸಿ, ಎದುರುಮನೆಯ ಸೋರುವ ಸೂರನ್ನು ವಾಚಾಮಗೋಚರವಾಗಿ ಬೈಯುತ್ತ ನಿಲ್ಲುತ್ತಿದ್ದಳು. ಯಾರು ಕೊಟ್ಟರು, ಯಾರು ಕೊಂಡರು ಎಂಬುದು ದೇವರಿಗೆ ಮಾತ್ರ ಗೊತ್ತಿತ್ತು.

ಈ ಪದ್ಧತಿಗೆ ಕೊಳ್ಳಿಯಿಟ್ಟವನು ಮರದ ವ್ಯಾಪಾರಿ ಕಲ್ಮನ್. ಸಭಾಮಂದಿರದ ಯಜಮಾನಿಕೆ ಸಿಕ್ಕಿದ್ದೇ ತಡ, ಬಡವರಿಗೆಲ್ಲ ಬಿಳಿ ಗೋಧಿಹಿಟ್ಟು ಕೊಡುವುದಾಗಿ ಸಾರಿದ. ಬೇಕಾದವರು ಶುಕ್ರವಾರ ಮಧ್ಯಾಹ್ನ ಮಂದಿರದ ಅಂಗಳದಲ್ಲಿ ಸಾಲು ನಿಂತು, ಅವನ ತಂದೆಯ ಹೆಸರನ್ನು ಗಟ್ಟಿಯಾಗಿ ಹೇಳಿ ಹರಸಿ ಒಯ್ಯಬೇಕು. ಬುಟ್ಟಿಯ ಕೆಲಸ ಮುಗಿಯಿತು. ಊರು ನಾಚಿಕೆಯಿಲ್ಲದೆ ತಲೆದೂಗಿತು. ರೊಟ್ಟಿ ಉಳಿಯಿತೆಂದು ಹೆಂಗಸರಿಗೆ ಖುಷಿ. ರಬ್ಬಿಯವರು ಕಲ್ಮನನ ಮುಖ ನೋಡಿ ಗಡ್ಡ ನೀವಿಕೊಂಡರು.

"ಸಾಲು ನಿಲ್ಸೋಕೆ ಅವರೇನು ದನಗಳಾ? ಕಿವಿಗೆ ಬಿತ್ತಾ?" ಎಂದು ದ್ವೋಶೆ ಬೀದಿಬೀದಿಯಲ್ಲಿ ಕೂಗಿದಳು. ಯಾರ ಕಿವಿಗೂ ಬೀಳಲಿಲ್ಲ.

ನದಿ ಹೆಪ್ಪುಗಟ್ಟಿದ್ದ ದಿನಗಳ ಒಂದು ಸಬ್ಬತ್ತು. ಮಂದಿರದ ಹೆಂಗಸರ ಮಹಡಿಯಲ್ಲಿ ದ್ವೋಶೆಯ ಪಕ್ಕ ಕುಳಿತಿದ್ದ ಒಬ್ಬಾಕೆ ಮೆಲ್ಲಗೆ ಅವಳ ಭುಜಕ್ಕೆ ಒರಗಿದಳು. "ಏನಿಲ್ಲ ಅಕ್ಕ, ಸೆಕೆ" ಎಂದಳು. ಉಸಿರು ಹೊಗೆಯಾಗುವ ಆ ಚಳಿಯಲ್ಲಿ ಸೆಕೆ! ಅವಳ ಗಂಡ ಕಾಲು ಮುರಿದುಕೊಂಡು ಕೆಲಸ ಕಳೆದುಕೊಂಡಿದ್ದ. ಅಂಗಳದಲ್ಲಿ ಸಾಲು ನಿಲ್ಲಲೊಲ್ಲ. ಮನೆಯಲ್ಲಿ ಒಲೆ ಹೊತ್ತದೆ ದಿನಗಳಾಗಿದ್ದವು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ದ್ವೋಶೆ ಮೆಟ್ಟಿಲಿಳಿದು ನೇರ ಗಂಡಸರ ನಡುವೆ ನುಗ್ಗಿ, ಓದಲೆಂದು ಧರ್ಮಗ್ರಂಥ ತೋರಾದ ಸುರುಳಿ ಹರಡಿದ್ದ ಮೇಜಿನ ಅಂಚನ್ನು ಹಿಡಿದಳು. ಅನ್ಯಾಯವಾಯಿತೆನ್ನುವವರು ಯಾರೇ ಇರಲಿ, ಪಠಣವನ್ನು ತಡೆಯಬಹುದು. ಅವರ ಮಾತು ಇತ್ಯರ್ಥವಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಬಾಯಿಲ್ಲದವರಿಗೆಂದು ನಮ್ಮ ಹಿರಿಯರು ಉಳಿಸಿಟ್ಟ ಆಯುಧ ಅದೊಂದೇ.

"ಓದು ನಿಲ್ಸಿ! ಈ ಊರಲ್ಲಿ ಜನ ಹಸ್ಕೊಂಡಿದಾರೆ. ಬುಟ್ಟಿ ವಾಪಸ್ ಬರ್ಬೇಕು."

ಕಲ್ಮನ್ ಸಾವಧಾನವಾಗಿ ಎದ್ದ. "ಯಾರಮ್ಮ ಹಸ್ಕೊಂಡಿರೋದು? ಹೆಸರು ಹೇಳು. ಸಬ್ಬತ್ ಮುಗೀತಿದ್ದ ಹಾಗೆ ಮೂಟೆನೇ ಹೊರಿಸಿ ಕಳಿಸ್ತೀನಿ. ಹೆಸರಿಲ್ಲ ಅಂದ್ರೆ ನೀನು ಹೇಳ್ತಿರೋದು ಸುಳ್ಳು."

ಹಿಂದಿನ ಬೆಂಚಿನಲ್ಲಿ ಊರುಗೋಲು ಹಿಡಿದವನೊಬ್ಬ ತಲೆ ತಗ್ಗಿಸಿದ. ಹೆಸರು ಹೇಳಿದರೆ ಹಿಟ್ಟು ಬರುತ್ತದೆ, ಆದರೆ ನಾಚಿಕೆಯಿಂದ ಅವನು ಮತ್ತೆ ಮಂದಿರದ ಹೊಸ್ತಿಲು ತುಳಿಯುವುದಿಲ್ಲ. ಹೇಳದಿದ್ದರೆ ಅವನ ಮಕ್ಕಳ ಹೊಟ್ಟೆಗಿಲ್ಲ. ದ್ವೋಶೆ ಅತ್ತ ತಿರುಗಿಯೂ ನೋಡಲಿಲ್ಲ.

"ನಾನು," ಎಂದಳು.

ಮಂದಿರ ಗೊಳ್ಳೆಂದು ನಕ್ಕಿತು. ಬಾತುಕೋಳಿಯ ಗರಿ ಮಾರಿ ಗಟ್ಟಿಮುಟ್ಟಾಗಿ ಬಾಳುತ್ತಿದ್ದ ಹೆಂಗಸು!

"ನಗ್ರಯ್ಯ, ಚೆನ್ನಾಗಿ ನಗಿ. ನಾನೇ ಭಿಕ್ಷುಕಿ. ನಿಮ್ಮನೆ ಮಕ್ಕಳಿಗೆಲ್ಲ ರೊಟ್ಟಿ ಹೊತ್ತವಳು ಅಂಗಳದಲ್ಲಿ ಕೈಯೊಡ್ಡಿ ಇವರಪ್ಪನ ಹೆಸರು ಕೂಗೋದನ್ನ ನೋಡ್ಬೇಕು ಅಂದ್ರೆ ಓದು ಮುಂದುವರಿಸಿ. ಕಿವಿಗೆ ಬಿತ್ತಾ?"

ನಗು ನಿಂತಿತು. ತಮ್ಮ ಮನೆಗೂ ಎಂದೋ ಬಟ್ಟೆಯಡಿಯಿಂದ ರೊಟ್ಟಿ ಬಂದದ್ದು ಎಷ್ಟು ಜನಕ್ಕೆ ನೆನಪಾಯಿತೋ. ರಬ್ಬಿಯವರು ಮೊದಲ ಬಾರಿಗೆ ಕಲ್ಮನನ ಮುಖ ನೋಡದೆ ಮಾತಾಡಿದರು: "ಬುಟ್ಟಿ ಮನೆಮನೆಗೆ ಹೋಗ್ಲಿ."

ಕಲ್ಮನ್ ಹಿಟ್ಟು ನಿಲ್ಲಿಸಿದ. ಬಿಳಿ ಹಿಟ್ಟು ತಪ್ಪಿಸಿದವಳೆಂದು ಊರು ಅವಳಿಗೆ ಹಿಡಿಶಾಪ ಹಾಕಿತು. ಅವಳೋ ಆಡಿದ ಸುಳ್ಳನ್ನು ಹಿಂದೆಗೆದುಕೊಳ್ಳಲಿಲ್ಲ. ಹಿಂದೆಗೆದರೆ ಹಸಿದವನು ಯಾರೆಂದು ಮರುದಿನವೇ ಹುಡುಕಾಟ ಶುರುವಾಗುತ್ತಿತ್ತು. ಸಾಯುವವರೆಗೆ ಅವಳು ಭಿಕ್ಷುಕಿ ದ್ವೋಶೆಯೇ. ಕಾಲು ನೆಟ್ಟಗಾದ ಮೇಲೆ ಆ ಮಹಾಶಯನೂ ಚೌಕದಲ್ಲಿ ನಿಂತು ಹಾಗೆಯೇ ಕರೆದ. ಅವಳನ್ನು ಮಣ್ಣು ಮಾಡಿದ ಮೇಲೆಯೇ ಅವನ ಹೆಂಡತಿ ಅಳುತ್ತ ನಿಜ ಹೇಳಿದ್ದು.

ದಾನಿಗಳ ಹೆಸರು ಮಂದಿರದ ಗೋಡೆಯ ಮೇಲಿದೆ, ಕಲ್ಮನನದು ಎಲ್ಲಕ್ಕಿಂತ ಮೇಲೆ. ದ್ವೋಶೆಯಂಥವರಿಗೆ ಗೋಡೆ ಬೇಕಿಲ್ಲ. ಅವರಲ್ಲಿ ಸಿಹಿಮಾತಿಲ್ಲ, ತಾಳ್ಮೆಯಿಲ್ಲ, ಅವರೊಡನೆ ಅರೆಗಳಿಗೆ ಬಾಳುವುದೂ ಕಷ್ಟ. ಇನ್ನೊಬ್ಬನ ಮಾನ ಉಳಿಸಲು ತಮ್ಮ ಮಾನವನ್ನೇ ತೆತ್ತು, ಅದನ್ನು ಮರಳಿ ಕೇಳದೆ ಹೋಗುವವರು ಅವರು. ಕೇಳಲಿಲ್ಲವೆಂದು ಕೊಡದೆ ಉಳಿದವರು ನಾವು.