ಮೂರು ಬುಟ್ಟಿ, ಮೂರು ಬಿಲ್ಲು

ಅಂಗಡಿಯ ಗಾಜಿನ ಬಾಗಿಲು ದಾಟಿದ ಮೇಲೆ ಅಪ್ಪ, ಅಮ್ಮ, ನಾನು ಮೂವರೂ ಒಬ್ಬರಿಗೊಬ್ಬರು ಯಾರೋ ಏನೋ. ಅದು ಅಮ್ಮನ ಕಾನೂನು. ಪೇಪರಿನಿಂದ ಕತ್ತರಿಸಿದ ರಿಯಾಯಿತಿ ಕೂಪನ್ನು ಬಿಲ್ಲಿಗೆ ಒಂದೇ ನಡೆಯುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ವಾರದ ಸಾಮಾನನ್ನು ಮೂರು ಬುಟ್ಟಿಗೆ ಹಂಚಿಕೊಂಡು, ಮೂರು ಸಾಲಿನಲ್ಲಿ ನಿಂತು, ಮೂರೂ ಕಡೆ ಅಮ್ಮನ ಪಾಯಿಂಟು ಕಾರ್ಡಿನ ನಂಬರನ್ನೇ ಹೇಳುತ್ತಿದ್ದೆವು. ಒಮ್ಮೆ ಅಪ್ಪ ಪಕ್ಕದ ಸಾಲಿನಿಂದ ಉಪ್ಪು ತಗೊಂಡೆಯಾ ಎಂದು ಕೇಳಿಬಿಟ್ಟು, ಎರಡು ದಿನ ಅಮ್ಮನ ಮಾತಿಲ್ಲದೆ ಉಂಡಿದ್ದ.

ಕೂಪನ್ನಿನಿಂದ ಉಳಿಯುತ್ತಿದ್ದದ್ದು ಚಿಲ್ಲರೆ; ಆ ಅಂಗಡಿಯನ್ನೇ ಹಿಡಿದದ್ದು ಒಂದು ವಾಷಿಂಗ್ ಮಷೀನಿಗಾಗಿ. ಅಪ್ಪ ಗ್ಯಾರೇಜಿನ ಮೆಕ್ಯಾನಿಕ್. ಅವನ ಬಟ್ಟೆಯ ಗ್ರೀಸನ್ನು ಉಜ್ಜಿ ಉಜ್ಜಿ ಅಮ್ಮನ ಅಂಗೈ ಸೀಳಿತ್ತು; ಹಿಟ್ಟು ಕಲಸುವಾಗ ಉಪ್ಪು ತಗುಲಿದರೆ ಹಲ್ಲು ಕಚ್ಚುತ್ತಿದ್ದಳು. ಹತ್ತು ರೂಪಾಯಿಗೆ ಒಂದು ಪಾಯಿಂಟು, ಐದು ಸಾವಿರ ಪಾಯಿಂಟಿಗೆ ಮಷೀನು ಪುಕ್ಕಟೆ ಎಂದು ಬೋರ್ಡಿನಲ್ಲಿತ್ತು. ವಾರಕ್ಕೆ ಐನೂರು ಚಿಲ್ಲರೆ, ನೂರು ವಾರ. ಇವತ್ತಿಗೆ ಮುಗಿದಿತ್ತು. ಅಪ್ಪ ಆಗಲೇ ಬಚ್ಚಲಿನ ನಲ್ಲಿಗೆ ಪೈಪು ಜೋಡಿಸಿಟ್ಟಿದ್ದ.

ವಿಚಾರಣೆಯ ಮೇಜಿನ ಹಿಂದೆ ಟೈ ಕಟ್ಟಿದ ಹುಡುಗನೊಬ್ಬ ಕೂತಿದ್ದ. ಅಮ್ಮ ಕಾರ್ಡು ಕೊಟ್ಟಳು. ನಾನು ಬುಟ್ಟಿ ಹಿಡಿದು, ಸಂಬಂಧವಿಲ್ಲದವಳಂತೆ, ಎರಡು ಮಾರು ದೂರದಲ್ಲಿ ನಿಂತಿದ್ದೆ.

"ಅರವತ್ತೆರಡು ಪಾಯಿಂಟ್ ಇದೆ ಮೇಡಂ," ಎಂದ.

ಅಮ್ಮ ಇನ್ನೊಮ್ಮೆ ನೋಡಲು ಹೇಳಿದಳು. ನೋಡಿದ. ಐನೂರಕ್ಕಿಂತ ಕಡಿಮೆ ಬಿಲ್ಲಿಗೆ ಪಾಯಿಂಟು ಬೀಳುವುದಿಲ್ಲವಂತೆ. ಕಾರ್ಡಿನ ಹಿಂದೆ ಬರೆದಿದೆಯಂತೆ. ಬರೆದಿತ್ತು, ಎಳ್ಳುಕಾಳಿನಷ್ಟು ಅಕ್ಷರದಲ್ಲಿ. ಆ ಅರವತ್ತೆರಡು ಮೊದಲ ದಿನದ ಒಂದೇ ಬಿಲ್ಲಿನದ್ದು, ಬುಟ್ಟಿ ಹಂಚುವ ಜಾಣತನ ಅಮ್ಮನಿಗೆ ಹೊಳೆಯುವುದಕ್ಕೆ ಮುಂಚಿನದ್ದು.

ಅಮ್ಮ ಬೈಯಲಿಲ್ಲ. ಹೌದಾ, ಹೌದಾ ಎಂದು ತಲೆಯಾಡಿಸಿದಳು, ತಪ್ಪು ತನ್ನದೇ ಎಂಬಂತೆ. ಎರಡು ವರ್ಷ ವಾರವಾರವೂ ನಮ್ಮ ನಂಬರನ್ನು ಒತ್ತಿಕೊಂಡ ಕೌಂಟರಿನವರಲ್ಲಿ ಯಾರೊಬ್ಬರಿಗೂ ಒಂದು ಮಾತು ಹೇಳಬೇಕೆನಿಸಲಿಲ್ಲ. ಟೈ ಹುಡುಗ ಡ್ರಾಯರಿನಿಂದ ಹಳದಿ ಕೂಪನ್ನೊಂದನ್ನು ತೆಗೆದು, ನಮ್ಮ ಕಡೆಯಿಂದ ಎಂದು ನೀಟಾಗಿ ಚಾಚಿದ. ಅಮ್ಮನ ಸೀಳಿದ ಕೈ ಅದನ್ನು ಈಸಿಕೊಳ್ಳಲೂ ಮುಂದಾಯಿತು.

ನಾನು ಕಿತ್ತುಕೊಂಡು ಹರಿದು ಮೇಜಿನ ಮೇಲೆ ಎಸೆದೆ.

"ಏನೇ ಮಾಡಿದೆ?" ಅಮ್ಮನ ದನಿ ಅಂಗಡಿಯ ಕೊನೆಗೂ ಕೇಳಿಸಿತು. "ನಿಮ್ಮಪ್ಪ ಇಡೀ ದಿನ ಕಾರಿನಡಿ ಮಲಗಿ ದುಡಿಯೋದು ನೀನು ಹರಿದು ಎಸೀಲಿ ಅಂತಾನಾ? ನನ್ನ ಹೊಟ್ಟೇಲಿ ಹುಟ್ಟಿ ಇಷ್ಟು ಸೊಕ್ಕಾ ನಿಂಗೆ?"

"ನಿಂಗ್ಯಾಕಮ್ಮ ಸೊಕ್ಕಿಲ್ಲ?" ಎಂದೆ. "ಆ ಟೈನವನಿಗೆ ಬೈಯೋಕೆ ಬಾಯಿಲ್ಲ, ನಂಗಾದ್ರೆ ಬೈತೀಯ."

ಸಾಲುಗಳೆಲ್ಲ ತಿರುಗಿದವು. ನಾವು ಯಾರಿಗೆ ಯಾರು ಎಂಬುದು ಈಗ ಎಲ್ಲರಿಗೂ ಗೊತ್ತಾಯಿತು. ಮೂರನೆಯ ಸಾಲಿನಿಂದ ಅಪ್ಪ ಬುಟ್ಟಿ ಹೊತ್ತು ಬಂದು ಅಮ್ಮನ ಪಕ್ಕ ನಿಂತ.

ಅಮ್ಮ ನನ್ನ ಬುಟ್ಟಿಯನ್ನು ಎಳೆದುಕೊಂಡಳು, ಅಪ್ಪನದನ್ನೂ. ತನ್ನದೂ ಸೇರಿ ಮೂರನ್ನೂ ಒಂದೇ ಕೌಂಟರಿನ ಮೇಲೆ ಬೋರಲು ಹಾಕಿದಳು. ಬಟ್ಟೆ ಸೋಪು ಉರುಳಿ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ. ಮೂವರ ಜೇಬಿನ ಮೂರು ಕೂಪನ್ನೂ ಜೇಬಿನಲ್ಲೇ ಉಳಿದವು.

ಕೌಂಟರಿನವಳು ಐನೂರು ದಾಟಿದ ಬಿಲ್ಲು ಒತ್ತಿ, ತಲೆಯೆತ್ತದೆ ಕಾರ್ಡಿನ ನಂಬರು ಕೇಳಿದಳು.

ಅಮ್ಮ ಟೈ ಹುಡುಗನನ್ನೇ ನೋಡುತ್ತ, ಒಂದೊಂದು ಅಂಕಿಯನ್ನೂ ಬೈಗುಳದ ಹಾಗೆ ಹೇಳಿದಳು.