ಹೆರಿಗೆ ಮನೆಗೆ ಊರ ಪರವಾಗಿ ನಿಂತ ಮಾಯಣ್ಣ

ದೇವಲಾಪುರದ ಕಡೆಯ ಆ ಊರಿನಲ್ಲಿ ಹೆರಿಗೆ ನೋವು ಬಂತೆಂದರೆ ಗಾಡಿ ಹೂಡಬೇಕು. ನಾಗಮಂಗಲದ ಆಸ್ಪತ್ರೆ ಸೇರುವಷ್ಟರಲ್ಲಿ ಏನಾಗುತ್ತದೋ ಶಿವನೇ ಬಲ್ಲ. ಮಾಯಣ್ಣನ ಮಗಳು ಸೋಮಮ್ಮನ ಚೊಚ್ಚಲ ಕೂಸು ಗಾಡಿಯಲ್ಲೇ ಹುಟ್ಟಿ ಗಾಡಿಯಲ್ಲೇ ಕಣ್ಣು ಮುಚ್ಚಿತ್ತು. ಈಗ ಅವಳು ಮತ್ತೆ ಬಸುರಿ. ತವರಿಗೆ ಬಂದಿದ್ದಾಳೆ, ದೀಪಾವಳಿ ಕಳೆದರೆ ದಿನ ತುಂಬುತ್ತದೆ.

ಅದಕ್ಕೇ ಊರಲ್ಲೊಂದು ಹೆರಿಗೆ ಮನೆ ಕಟ್ಟುತ್ತಾರಂತೆ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ಮಾಯಣ್ಣ. ಅರ್ಧ ಖರ್ಚು ಸರ್ಕಾರದ್ದು. ಕಲ್ಲು, ಮರಳು, ಗಾಡಿ, ಮೈಗೆಲಸ ಊರಿನದು. ಕಟ್ಟಡವೂ ಊರಿನದೇ. ಕಂಟ್ರಾಕ್ಟು ಹಿಡಿದವನು ಮಾಯಣ್ಣನ ಬಾಮೈದ, ನಾಗಮಂಗಲದ ಚಿಕ್ಕಸ್ವಾಮಿ. ಕೈ ಶುದ್ಧವಾದ ಮನುಷ್ಯ. ಊರ ಪರವಾಗಿ ನಿಂತು ಕೆಲಸ ನೋಡಿಕೊಳ್ಳಲು ಪಂಚಾಯ್ತಿಯವರು ಮಾಯಣ್ಣನನ್ನು ಗೊತ್ತುಮಾಡಿ, ನಕ್ಷೆಯನ್ನು ಅವನ ಕೈಗಿತ್ತರು.

ನೋಡಿಕೊಳ್ಳುವುದು ಅಂದರೇನು? ಪಾಪ, ಮಾಯಣ್ಣನಿಗೆ ಗೊತ್ತಿದ್ದದ್ದು ಮದುವೆಮನೆಯ ಯಜಮಾನಿಕೆ. ಯಾರಿಗೂ ಬೇಸರವಾಗಬಾರದು, ಅಷ್ಟೇ! ಬೆಳಿಗ್ಗೆ ಕಾಫಿ ಚೊಂಬು, ಮಧ್ಯಾಹ್ನ ಮಜ್ಜಿಗೆ, ಆಮೇಲೆ ಎಲೆ ಅಡಿಕೆ. ನಕ್ಷೆ ಹೋಗಿ ಸೂರಿನ ಸಂದಿಯಲ್ಲಿ ಕೂತಿತು. ಇತ್ತ ದಾರಿಹೋಕರೆಲ್ಲ ಗಾರೆಯವರಿಗೆ ಯಜಮಾನರಾದರು. ಒಬ್ಬ ಕಿಟಕಿ ಇಲ್ಲಿಡು ಅಂದ. ಇನ್ನೊಬ್ಬ, "ಬಾಣಂತಿಗೆ ಗಾಳಿ ಬಡೀತದೆ, ಮುಚ್ಲಾ" ಅಂದ. ಇಟ್ಟ ಕಿಟಕಿಯನ್ನು ಕಿತ್ತು ಮತ್ತೆ ಇಟ್ಟರು.

ಒಂದು ದಿನ, ಅಲ್ಲಿಗೆ ಕೆಲಸಕ್ಕೆ ಬರಬೇಕಿದ್ದ ನರ್ಸು ಮುತ್ತಮ್ಮ ಬಸ್ಸಿಳಿದು ನೋಡಲು ಬಂದಳು. ಸುತ್ತ ಒಂದು ಸಲ ನಡೆದವಳು ಬಾವಿಯ ಹತ್ತಿರ ನಿಂತುಬಿಟ್ಟಳು. ಅಲ್ಲೇ ಪಕ್ಕದಲ್ಲಿ ಒಂದು ದೊಡ್ಡ ಗುಂಡಿ. ಗಾರೆಯವರು ಅದರಲ್ಲಿ ಸುಣ್ಣ ಅರಳಿಸುತ್ತಿದ್ದರು.

"ಈ ಗುಂಡಿ ಯಾತಕ್ಕೆ?"

"ಬಚ್ಚಲು, ಕಕ್ಕಸಿನ ನೀರು ಓಗಕ್ಕೆ ಕಣವ್ವ," ಎಂದ ಒಬ್ಬ ಆಳು. "ಸದ್ಯಕ್ಕೆ ಸುಣ್ಣಕ್ಕಾಯ್ತು."

"ಅಯ್ಯೋ ದೇವರೇ! ಇಲ್ಲಿ ಊರ ಪರವಾಗಿ ನಿಂತಿರೋರು ಯಾರು?"

ಎಲ್ಲರೂ ಮಾಯಣ್ಣನ ಕಡೆ ನೋಡಿದರು. ಮಾಯಣ್ಣನ ಕೈಯಲ್ಲಿ ಕಾಫಿ ಚೊಂಬು!

"ಯಜಮಾನ್ರೇ, ನೀವು ನಿಂತಿರೋದು ಕೆಲಸ ನೋಡೋಕೋ, ಬೀಗರ ಉಪಚಾರಕ್ಕೋ? ನಕ್ಷೆ ನಾನೂ ಆಸ್ಪತ್ರೇಲಿ ನೋಡಿದೀನಿ. ಬಾವಿಗೂ ಗುಂಡಿಗೂ ಐವತ್ತು ಅಡಿ ದೂರ ಇರಬೇಕು, ಗುಂಡಿ ತಗ್ಗಿನ ಕಡೆಗಿರಬೇಕು ಅಂತ ಬರೆದಿದೆ. ಇದನ್ನ ನೋಡಿದ್ರೆ ಡಾಕ್ಟರು ಅಪ್ಪಣೆ ಕೊಡೋಲ್ಲ. ಅಪ್ಪಣೆ ಇಲ್ಲದೆ ನಾನು ಬರೋಲ್ಲ. ನೀವು ಈ ಕಟ್ಟಡದಲ್ಲಿ ಕುರಿ ಕೂಡಬೇಕಾಗ್ತದೆ."

"ತಗ್ಗಿನ ಕಡೆ ಬಂಡೆ ಅದೆ ಕಣವ್ವ, ಅದಕ್ಕೆ ಇಲ್ಲಿ ತೋಡವ್ನೆ. ಬಾಮೈದ ಬೇರೆ. ಎಂಗೆ ಏಳದು? ಅನುಮಾನ ಪಟ್ಟಂಗಾಯ್ತದೆ," ಎಂದ ಮಾಯಣ್ಣ.

"ಮುದ್ದೆ ಬೆಂದಿದೆಯಾ ಅಂತ ಒದ್ದೆ ಕೈಲಿ ಮುಟ್ಟಿ ನೋಡ್ತೀವಲ್ಲ, ಅದೇನು ರಾಗಿ ಮೇಲೆ ಅನುಮಾನವೇ? ಕಟ್ಟೋನು ಎಷ್ಟೇ ಒಳ್ಳೆಯವನಾಗಿರಲಿ, ಕಟ್ಟಿಸೋರ ಕಣ್ಣು ಬೇರೆ ಇರಬೇಕು. ಮಣ್ಣು ಮುಚ್ಚೋಕೆ ಮುಂಚೆ ನೋಡಬೇಕು. ಊರಿನವರು ಹೇಳೋದಿದ್ರೆ ನಿಮಗೆ ಹೇಳಲಿ, ಮೇಸ್ತ್ರಿಗೆ ನೀವೊಬ್ಬರೇ ಹೇಳಿ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲವಂತೆ, ಕೇಳಿಲ್ವೇ?"

ಗಾದೆ ಕೇಳಿ ಆಳುಗಳೆಲ್ಲ ನಕ್ಕರು. ಮಾಯಣ್ಣನಿಗೆ ಮಾತ್ರ ಸೋಮಮ್ಮನ ಮುಖ ಕಣ್ಮುಂದೆ ಬಂದು ನಗು ಬರಲಿಲ್ಲ.

ಮಾರನೆಯ ದಿನ ನಕ್ಷೆ ಹಿಡಿದೇ ಬಂದ. ಮೂರು ಸಲ ಗಂಟಲು ಸರಿಮಾಡಿಕೊಂಡ.

"ಚಿಕ್ಕಸ್ವಾಮಿ, ಆ ಗುಂಡಿ ಮುಚ್ಚುಸ್ಲಾ. ತಗ್ಗಿನ ಕಡೆ ತೋಡ್ಸು."

"ಏನ್ ಬಾವ, ನೀನೇನು ಇಂಜಿನೀರಾ? ಬಂಡೆ ಒಡೆಯೋವತ್ಗೆ ನಿನ್ ಮಗಳು ಎತ್ತೇ ಬುಡ್ತಾಳೆ!"

"ಇಂಜಿನೀರಲ್ಲ ಕಣ್ಲಾ. ಊರ ಪರವಾಗಿ ಏಳ್ತಾ ಇವ್ನಿ. ಗುಂಡಿ ಅಲ್ಲಿ ಆಗಗಂಟ ಬೇರೆ ಕೆಲ್ಸ ಬ್ಯಾಡ."

ಚಿಕ್ಕಸ್ವಾಮಿ ಕರಣೆಯನ್ನು ಬಿಸುಟು, ಆಳುಗಳನ್ನು ಕಟ್ಟಿಕೊಂಡು ನಾಗಮಂಗಲದ ಬಸ್ಸು ಹತ್ತಿಬಿಟ್ಟ.

ಆಮೇಲೆ ಮಾಯಣ್ಣನ ಪಾಡು ಯಾರಿಗೂ ಬೇಡ. ಮನೆಯಲ್ಲಿ ಹೆಂಡತಿ ಲಕ್ಷ್ಮಿದೇವಮ್ಮ, "ಊರ ಮುಂದೆ ನನ್ ತಮ್ಮನ್ ಮಾನ ಕಳ್ದ್‌ಬುಟ್ಟೆ. ನಾಳೆ ಮಗಳನ್ನ ಗಾಡೀಲಿ ಆಕಂಡು ಓಗು" ಎಂದು ಮುಖ ತಿರುಗಿಸಿದಳು. ಊರಲ್ಲಿ ಅವನನ್ನೇ ಬೈದರು. ಕೂತರೆ ನಿಲ್ಲಬೇಕು, ನಿಂತರೆ ಬಸ್ಸಿನ ದಾರಿಗೆ ಹೋಗಬೇಕು. ಸೋಮಮ್ಮ ಸೊಂಟ ಹಿಡಿದುಕೊಂಡು ಒಂದು ಸಲ ನರಳಿದರೂ ಅವನು ಗಾಡಿ ಹೂಡಲು ಏಳುತ್ತಿದ್ದ. ತಪ್ಪು ಮಾಡಿದೆನೇ? ಗುಂಡಿ ಅಲ್ಲೇ ಇರಲಿ ಅಂದುಬಿಡಲೇ?

ಅಷ್ಟರಲ್ಲಿ ಹಸ್ತದ ಮಳೆ ಹೊಡೆಯಿತು. ಗುಂಡಿ ತುಂಬಿ ತುಳುಕಿತು. ಮಳೆ ನಿಂತ ಮೇಲೆ ಲಕ್ಷ್ಮಿದೇವಮ್ಮ ಬಾವಿಗೆ ಹೋಗಿ ಕೊಡ ಮೇಲೆಳೆದರೆ ನೀರು ಬೆಳ್ಳಗಿತ್ತು. ನಾಲಿಗೆಗಿಟ್ಟಳು. ಸುಣ್ಣ!

ಅವಳು ಕೊಡವನ್ನು ಗಂಡನ ಮುಂದೆ ಕುಕ್ಕಿದಳು. "ಈವತ್ತು ಸುಣ್ಣ ಬಂತು. ನಾಳೆ ಕಕ್ಕಸಿನ ನೀರು ಇಂಗೇ ಇಳಿದ್ರೆ? ಅದರಲ್ಲೇನಾ ನಮ್ ಕೂಸಿಗೆ ನೀರುಯ್ಯದು?" ಎಂದವಳೇ ಗಂಡನ ಉತ್ತರಕ್ಕೂ ಕಾಯದೆ, ಚೊಂಬಿಗೆ ಆ ನೀರು ತುಂಬಿಕೊಂಡು ನಾಗಮಂಗಲದ ಬಸ್ಸು ಹತ್ತಿದಳು.

ಮಾಯಣ್ಣ ಸಂಜೆಯತನಕ ಬಸ್ಸಿನ ದಾರಿಯಲ್ಲೇ ಅಡ್ಡಾಡಿದ. ಕೊನೆಗೆ ಬಸ್ಸು ಬಂತು. ಮೊದಲು ಲಕ್ಷ್ಮಿದೇವಮ್ಮ ಇಳಿದಳು. ಅವಳ ಹಿಂದೆ ಚಿಕ್ಕಸ್ವಾಮಿ, ಕೈಯಲ್ಲಿ ಅದೇ ಚೊಂಬು. ಅವನ ಹಿಂದೆ ಹಾರೆ, ಸುತ್ತಿಗೆ ಹೊತ್ತ ಕಲ್ಲೊಡೆಯುವವರು.

"ಬಾಯ್ಗಿಟ್ಕಂಡೆ ಬಾವ, ನುಂಗಕ್ಕಾಗ್ನಿಲ್ಲ," ಎಂದ ಚಿಕ್ಕಸ್ವಾಮಿ, ತಲೆ ತಗ್ಗಿಸಿ. "ನಾನೇ ತೋಡಿ ನಾನೇ ನೋಡ್ಕಂಡಿದ್ರೆ ನಂಗೆ ಈ ತಪ್ಪು ಕಾಣ್ತಾನೇ ಇರ್ನಿಲ್ಲ."

"ಬುಡ್ಲಾ ಅತ್ಲಾಗೆ. ಮೊದ್ಲು ಬಂಡೆ ನೋಡು," ಎಂದ ಮಾಯಣ್ಣ. ಹಾರೆಯೊಂದನ್ನು ತಾನೇ ಹೊತ್ತು ಮುಂದೆ ನಡೆದ.

ಬಂಡೆ ಒಡೆದು ತಗ್ಗಿನ ಕಡೆ ಹೊಸ ಗುಂಡಿ ತೋಡಿದರು, ಮಾಯಣ್ಣ ನಕ್ಷೆ ಹಿಡಿದು ಐವತ್ತು ಅಡಿ ಅಳೆದು ನೋಡಿದ. ಹಳೇ ಗುಂಡಿ ಮುಚ್ಚಿದರು. ಬಾವಿಯ ನೀರನ್ನೆಲ್ಲ ಸೇದಿ ಚೆಲ್ಲಿ ಚೊಕ್ಕ ಮಾಡಿದರು. ಸೋಮಮ್ಮನಿಗೆ ನೋವು ಬಂದಾಗ ಹೆರಿಗೆ ಮನೆಯ ಬಾಗಿಲು ಇನ್ನೂ ಬಣ್ಣ ಕಂಡಿರಲಿಲ್ಲ. ಆದರೆ ಡಾಕ್ಟರ ಅಪ್ಪಣೆ ಸಿಕ್ಕಿತ್ತು, ಮುತ್ತಮ್ಮ ಬಂದಿದ್ದಳು. ಹೊರಗೆ ಮಾಯಣ್ಣ ಜಗಲಿ ಸವೆಯುವಂತೆ ತಿರುಗಿದ. ಒಳಗೆ ಕೂಸು ಕಿರುಚಿದ್ದು ಕೇಳಿದ ಮೇಲೇ ಅವನು ಕೂತದ್ದು.

ಮರುತಿಂಗಳು ಕೆ.ಆರ್. ಪೇಟೆ ಕಡೆಯ ಒಂದೂರಿನವರು ತಮ್ಮೂರಲ್ಲೂ ಅಂಥದೇ ಹೆರಿಗೆ ಮನೆ ಕಟ್ಟಿಕೊಡೆಂದು ಚಿಕ್ಕಸ್ವಾಮಿಯನ್ನು ಕೇಳಲು ಬಂದರು. "ನೀನು ಸಾಚಾ ಮನುಷ್ಯ ಅಂತ ಕೇಳಿದೀವಿ. ಎಲ್ಲಾ ನೀನೇ ನೋಡ್ಕೊಂಡ್‌ಬುಡು" ಅಂದರು.

ಚಿಕ್ಕಸ್ವಾಮಿ ಎರಡೂ ಕೈ ಮುಗಿದ. "ಅದೊಂದು ಆಗಕಿಲ್ಲ ಸ್ವಾಮಿ. ಮೊದ್ಲು ನಿಮ್ ಪರವಾಗಿ ನಿಂತ್ಕಂಡು, 'ನಿಲ್ಸು' ಅಂತ ನಂಗೆ ಏಳೋ ಒಬ್ರನ್ನ ತೋರ್ಸಿ. ಆಮೇಕೆ ಪಾಯ ತಗೀತೀನಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಆಸ್ಪತ್ರೆ, ಶಾಲೆ, ಹಾಲಿನ ಮನೆ ಏಳುತ್ತಿರಬಹುದು. ಕಟ್ಟುವವನು ಮಗನಾಗಿರಲಿ, ಅಳಿಯನಾಗಿರಲಿ, ಕಟ್ಟಿಸುವ ಊರಿನ ಪರವಾಗಿ ಒಬ್ಬರನ್ನು ನಿಲ್ಲಿಸಿ. ನಕ್ಷೆ ಅವರ ಕೈಯಲ್ಲಿರಲಿ. ಮುಚ್ಚುವ ಮುಂಚೆ ಅವರು ನೋಡಲಿ. ಅವರು ತಡೆದಾಗ ಬೈಯಬೇಡಿ, ಬೆನ್ನಿಗೆ ನಿಲ್ಲಿ. ಆ ನೀರು ಕುಡಿಯುವುದು ನಿಮ್ಮ ಕೂಸೇ.